ಮೇಲಿನ ಬೀದಿಯ ನೀರು

ಊರಿಗೆಲ್ಲ ಅವನು ನೀರುಗಂಟಿ. ಗುಡ್ಡದ ಟ್ಯಾಂಕಿನಿಂದ ಯಾವ ಬೀದಿಗೆ ಯಾವಾಗ ನೀರು ಹೋಗಬೇಕೆಂಬುದು ಅವನ ಕೈಯಲ್ಲಿತ್ತು. ಆ ಕೈಯಲ್ಲಿ ಎದೆಯೆತ್ತರದ ಕಬ್ಬಿಣದ ಚಾವಿ. ರಸ್ತೆಯ ಗುಂಡಿಯೊಳಗಿನ ವಾಲ್ವಿಗೆ ಅದನ್ನಿಳಿಸಿ ಮೈಭಾರ ಹಾಕಿ ತಿರುಗಿಸಬೇಕು. "ನಾನಿರೋದು ಅಡುಗೆಗೆ ಮಾತ್ರ, ಇವರ ಸಂಸಾರವೆಲ್ಲ ಆ ಚಾವಿ ಜೊತೆ" ಎಂದು ಹೆಂಡತಿ ನಗೆಯಾಡುತ್ತಿದ್ದಳು.

ಮೊದಲು ಮೇಲಿನ ಬೀದಿ, ಕೊನೆಗೆ ಕೆಳಗಿನ ಬೀದಿ. ಕೆಳಗಿನದು ತೆರೆದಿದ್ದರೆ ನೀರೆಲ್ಲ ಇಳಿಜಾರು ಹಿಡಿದು, ಮೇಲಿನ ನಲ್ಲಿ ಬರೀ ಗಾಳಿ ಬಿಡುತ್ತದೆ. ಅವನ ಮನೆ ಇದ್ದದ್ದು ಕೆಳಗಿನ ಬೀದಿಯಲ್ಲೇ. ನೀರುಗಂಟಿಯ ಮನೆಗೇ ನೀರು ಕೊನೆಗೆ ಎಂದು ನೆರೆಯವರು ಚುಚ್ಚಿದರೂ ಅವಳು ಕಿವಿಗೆ ಹಾಕಿಕೊಂಡವಳಲ್ಲ.

ಆದರೆ ಹಿಂದಿನ ಸಂಜೆಯಷ್ಟೇ ಮಗಳು ಹಸುಗೂಸಿನೊಂದಿಗೆ ಆಸ್ಪತ್ರೆಯಿಂದ ಬಂದಿದ್ದಳು. ಕರೆಂಟಿಲ್ಲದೆ ಟ್ಯಾಂಕು ಅರ್ಧವೂ ತುಂಬಿರಲಿಲ್ಲ. ಮನೆಯ ಹಂಡೆಯ ತಳ ಕಾಣುತ್ತಿತ್ತು.

"ರೀ, ಇವತ್ತೊಂದಿನ ನಮ್ಮ ಕಡೆ ಮೊದಲು ಬಿಡ್ರಿ. ಮಗು ಮೈ ತೊಳೀಬೇಕು, ಬಾಣಂತಿ ಸ್ನಾನ ಆಗ್ಬೇಕು."

"ಮೇಲಿನವರದ್ದು ಆಗಿ ಉಳಿದ್ರೆ ಬಿಡ್ತೀನಿ."

"ಉಳೀದೇ ಇದ್ರೆ?"

ಅವನು ಚಾವಿ ಹೆಗಲಿಗೇರಿಸಿ ಹೊರಟ. "ಇವರಿಗೆ ಎದೇಲೂ ವಾಲ್ವೇ ಇರೋದು" ಎಂದು ಅವಳು ಮಗಳಿಗೆ ಕೇಳುವಂತೆ ಗೊಣಗಿದಳು.

ಹಿತ್ತಲಲ್ಲಿ ಬಟ್ಟೆ ಹಗ್ಗಕ್ಕೆ ಆಸರೆಯಾಗಿ ಹಳೆಯ ಚಾವಿಯೊಂದು ನಿಂತಿತ್ತು. ಹಿಡಿ ಸೊಟ್ಟಗಾಯಿತೆಂದು ಅವನು ಬಿಟ್ಟದ್ದು. ಅವಳು ಅದನ್ನು ಕಿತ್ತೊಯ್ದು ಬೀದಿ ಮೂಲೆಯ ಗುಂಡಿಗೆ ಇಳಿಸಿದಳು. ಇಷ್ಟು ವರ್ಷ ನೋಡಿ ಕಲಿತದ್ದು ವ್ಯರ್ಥವಾಗಲಿಲ್ಲ. ಮನೆಯ ನಲ್ಲಿ ಕೆಮ್ಮಿ ನೀರು ಸುರಿಸಿತು. ಒಂದು ಕೊಡ ತುಂಬಿತು. ಇನ್ನೊಂದು ಇಡುವಷ್ಟರಲ್ಲಿ ನಿಂತೇಹೋಯಿತು.

ಹೊರಗೆ ಓಡಿದರೆ, ಅವನು ಗುಂಡಿಯ ಮೇಲೆ ಬಾಗಿ ತನ್ನ ಬೀದಿಯ ವಾಲ್ವನ್ನು ಮುಚ್ಚುತ್ತಿದ್ದ. ಮೇಲಿನ ನಲ್ಲಿ ಬತ್ತಿದೊಡನೆ ನೀರು ಎಲ್ಲಿಗೆ ಹೋಯಿತೆಂದು ಅವನಿಗೆ ಹೊಳೆದಿತ್ತು. ಬೈಯಲಿಲ್ಲ. ಚಾವಿ ಮೇಲೆತ್ತಿ ಗೋಡೆಗೊರಗಿಸಿದ.

ಆಮೇಲೆ ಮನೆಯೊಳಗೆ ಹೋಗಿ, ತುಂಬಿದ ಕೊಡವನ್ನು ಹೆಗಲಿಗೇರಿಸಿಕೊಂಡು ಏರು ಹತ್ತತೊಡಗಿದ. "ಅದನ್ನೂ ಕಿತ್ಕೊಂಡು ಹೋಗ್ತೀರಾ?" ಎಂದು ಅವಳು ಬೆನ್ನುಹತ್ತಿದಳು.

ಮದುವೆಯಾಗಿ ಇಷ್ಟು ಕಾಲವಾದರೂ ಅವಳು ನೀರು ಬಿಡುವ ಹೊತ್ತಿನಲ್ಲಿ ಮೇಲಿನ ಬೀದಿಗೆ ಬಂದವಳಲ್ಲ. ಬೀದಿಗೆಲ್ಲ ಒಂದೇ ನಲ್ಲಿ. ಕಣ್ಣು ಕಾಣದ ಮುದುಕನೊಬ್ಬ ಕುಕ್ಕರಗಾಲಲ್ಲಿ ಕೂತು ಅದರ ಬಾಯಿಗೆ ಬೆರಳೊಡ್ಡಿದ್ದ. ಅವನ ಹಿಂದೆ ಖಾಲಿ ಕೊಡಗಳ ಸಾಲು, ಕಾಯುತ್ತ ನಿಂತ ಜನ.

ನೀರುಗಂಟಿ ಕೊಡ ಇಳಿಸಿದ. "ನಿಮ್ಮ ನೀರು ನಮ್ಮನೆಗೆ ಹೋಗಿತ್ತು. ತಿರುಗಿಸಿದ್ದು ನಮ್ಮನೆಯವರೇ. ಇದು ನಿಮ್ದು."

ಅವಳಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಯಾರೋ ಏನೋ ಹೇಳಲು ಬಾಯಿ ತೆರೆದರು. ಮುದುಕ ಕೈಯೆತ್ತಿ ತಡೆದ.

ಕೊಳವೆಯೊಳಗೆ ಎಲ್ಲೋ ಆಳದಲ್ಲಿ ಗಾಳಿ ನರಳಿತು. ಬೀದಿಯೇ ಉಸಿರು ಹಿಡಿಯಿತು.

"ಬಂತು" ಎಂದ ಮುದುಕ, ಮಲಗಿದವರು ಎಚ್ಚರಾದಾರು ಎನ್ನುವಂತೆ, ಮೆಲ್ಲಗೆ.

ನೂಲಿನಂಥ ನೀರು ಅವನ ಬೆರಳು ಹಿಡಿದು ಇಳಿಯಿತು. ಇಷ್ಟೇನಾ? ಇದನ್ನೇ ತಾನು ಕಡಿದದ್ದಾ? ಅವಳು ಕಣ್ಣು ಕೀಳದೆ ನಿಂತಳು. ಒಬ್ಬರೂ ನೂಕಲಿಲ್ಲ. ಮುಂದಿನ ಕೊಡ ತುಂಬುವ ತನಕ ಹಿಂದಿನದು ಕಾಯಿತು.

ಸಾಲಿನಲ್ಲಿದ್ದ ಟೈಲರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಮಗಳು ಬಂದಿದ್ದಾಳಂತಲ್ಲ. ಏನು ಮಗು?"

"ಹೆಣ್ಣು."

"ಅಜ್ಜಿ ಹಾಗೆ ಗಟ್ಟಿಗಿತ್ತಿನೇ ಇರ್ಬೇಕು. ಈ ಕೊಡ ತಗೊಂಡು ಹೋಗಮ್ಮ, ಕೂಸಿನ ಮೈ ತೊಳೀರಿ. ಏನ್ರಪ್ಪ, ಆಗ್ಬಹುದಲ್ಲ?"

"ಕೇಳೋದೇನಿದೆ" ಎಂದ ಮುದುಕ. ಸಾಲು ತಲೆಯಾಡಿಸಿತು.

ಅವಳು ಕೈ ಚಾಚಲಾರದೆ ಗಂಡನತ್ತ ನೋಡಿದಳು.

"ತಗೋ. ಈಗ ಅವರು ಕೊಟ್ಟಿದ್ದು" ಎಂದ. "ನಾನು ಕೊಡೋಕೆ ಅದು ನನ್ನದಾಗಿರ್ಲಿಲ್ಲ ಕಣೇ."

ಇಳಿಯುವಾಗ ಕೊಡ ಅವನೇ ಹೊತ್ತ. ಒಂದು ಹನಿ ತುಳುಕಲಿಲ್ಲ. ಮನೆಯಲ್ಲಿ ನೀರು ಕಾಯಿಸಿ ಹದ ನೋಡಲು ಹೋದರೆ, ಚಾವಿ ತಿರುಗಿಸಿ ಜಡ್ಡುಗಟ್ಟಿದ ಬೆರಳಿಗೆ ಬಿಸಿಯೇ ತಿಳಿಯಲಿಲ್ಲ. ತೋಳು ಮಡಚಿ ಮೊಣಕೈ ಅದ್ದಿದ. "ಇನ್ನೊಂಚೂರು ಆರ್ಲಿ, ಮಗಳೇ" ಎಂದ.

ಅವಳು ಬಾಗಿಲಲ್ಲೇ ನಿಂತು, ಯಾರೋ ಹೊಸಬರನ್ನು ನೋಡುವ ಹಾಗೆ, ಆ ಮೊಣಕೈಯನ್ನೇ ನೋಡುತ್ತಿದ್ದಳು.