ಜಾರ್ಜಿಯಾದ ಎಂ.ಡಿ., ಕುರುಗೋಡಿನ ಎಂ.ಡಿ.

ಎರಡೇ ಅಕ್ಷರ ಬರೆಸಿ ಒಬ್ಬ ಅಜ್ಜಿಯ ಜೀವಕ್ಕೆ ಕುತ್ತು ತರುವವನಿದ್ದೆ ನಾನು!

ಆಗಿದ್ದಿಷ್ಟು. ಹಚ್ಚೊಳ್ಳಿಯ ನನ್ನ ಅಕ್ಕನ ಮಗಳು ಶೈಲಾ ಜಾರ್ಜಿಯಾ ದೇಶದಲ್ಲಿ ಆರು ವರ್ಷ ಡಾಕ್ಟರಿಕೆ ಓದಿ ಬಂದಳು. ಇಲ್ಲಿಯ ಪರೀಕ್ಷೆ ಪಾಸಾದಳು. ಇಂಟರ್ನ್‌ಶಿಪ್ ಮುಗಿಸಿ, ಕಳೆದ ವಾರ ಕುರುಗೋಡಿನಲ್ಲಿ ಕ್ಲಿನಿಕ್ ತೆರೆದಳು. ಬೋರ್ಡು, ಫ್ಲೆಕ್ಸು ನನ್ನ ಪಾಲಿಗೆ ಬಂದವು. ಬಳ್ಳಾರಿಯ ಗಾಂಧಿನಗರದಲ್ಲಿ ನಮ್ಮ ಮನೆ ಹತ್ತಿರವೇ ಪ್ರಿಂಟ್ ಹಾಕಿಸಿದೆ. ಸರ್ಟಿಫಿಕೇಟಿನಲ್ಲಿ ಇದ್ದದ್ದನ್ನೇ ಬರೆಸಿದೆ: ಡಾ. ಶೈಲಾ, ಎಂ.ಡಿ. ಅವಳನ್ನು ಒಂದು ಮಾತು ಕೇಳಿದೆನಾ? ಇಲ್ಲ. ರೂಪನಗುಡಿಯಲ್ಲೂ ಒಂದು ಫ್ಲೆಕ್ಸ್ ಕಟ್ಟಿಸಿದೆ. (ಹೆಂಡತಿಯ ತವರು. ಮರ್ಯಾದೆ ಪ್ರಶ್ನೆ!)

ಓಪನಿಂಗ್ ದಿನ ಬೋರ್ಡು ನೋಡಿದವಳೇ ಶೈಲಾ ತಲೆ ಹಿಡಿದುಕೊಂಡಳು.

"ಮಾಮಾ, ಏನ್ ಮಾಡಿಟ್ರಿ ಇದು? ಅಲ್ಲಿ ಎಂ.ಡಿ. ಅಂದ್ರ ಇಲ್ಲಿ ಎಂ.ಬಿ.ಬಿ.ಎಸ್. ಇದ್ದಂಗ. ಇಲ್ಲಿ ಎಂ.ಡಿ. ಆಗ್ಬೇಕಂದ್ರ ಅದರ ಮ್ಯಾಲ ಮತ್ತ ಮೂರು ವರ್ಷ ಓದ್ಬೇಕು. ನಾ ಓದಿಲ್ಲ."

ಅಮೆರಿಕದಲ್ಲೂ ಡಾಕ್ಟರಿಕೆಯ ಮೊದಲ ಡಿಗ್ರಿಯೇ ಎಂ.ಡಿ.ಯಂತೆ. ಇಂಗ್ಲೆಂಡಿನಲ್ಲಿ ಸರ್ಜನ್ ಆದವರು 'ಡಾಕ್ಟರ್' ಬಿಟ್ಟು ಮತ್ತೆ ಬರೀ 'ಮಿಸ್ಟರ್' ಆಗುತ್ತಾರಂತೆ, ಅದೇ ಅವರಿಗೆ ದೊಡ್ಡ ಗೌರವ. (ನಮ್ಮಲ್ಲಿ ಹಾಗೆ ಕರೆದು ನೋಡಿ, ಅಪಾಯಿಂಟ್‌ಮೆಂಟೇ ಸಿಗುವುದಿಲ್ಲ.)

ಅವಳ ಅಪ್ಪ, ಅಂದರೆ ನನ್ನ ಭಾವ, ಒಪ್ಪಲಿಲ್ಲ. "ಕಾಗದದಾಗ ಐತಲ್ಲವ್ವಾ! ಸುಳ್ಳೇನ್ ಬರ್ಸೀವಿ? ಅದನ್ನ ತೆಗದ್ರ ನಿನ್ನ ಹತ್ರ ಯಾರ್ ಬರ್ತಾರ?"

ಈ ಜಗ್ಗಾಟದ ನಡುವೆ ಒಂದು ಆಟೋ ಬಂದು ನಿಂತಿತು. ರೂಪನಗುಡಿಯ ಒಬ್ಬ ಅಜ್ಜಿ, ಜೊತೆಗೆ ಸೊಸೆ.

"ನಿನ್ನಿಯಿಂದ ನಮ್ಮತ್ತೀಗೆ ಎದಿ ಹಿಡ್ಕೊಂಡೈತ್ರಿ," ಎಂದಳು ಸೊಸೆ. "ಬಳ್ಳಾರಿ ದೊಡ್ಡಾಸ್ಪತ್ರಿಗೆ ಹೋಗಾಕ ಹೊಂಟಿದ್ವಿ. ಫ್ಲೆಕ್ಸ್‌ನ್ಯಾಗ ಎಂ.ಡಿ. ಅಂತ ಓದಿ, ಬಳ್ಳಾರಿ ದಾಟಿ ಇಲ್ಲಿಗೇ ಬಂದ್ವಿ."

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಶೈಲಾ ಒಂದು ಕ್ಷಣವೂ ತಡಮಾಡಲಿಲ್ಲ. ಇಸಿಜಿ ತೆಗೆದಳು, ಮಾತ್ರೆ ಕೊಟ್ಟಳು, ಆಂಬುಲೆನ್ಸ್‌ಗೆ ಫೋನ್ ಮಾಡಿಸಿದಳು. ಆಮೇಲೆ ಅಜ್ಜಿಯ ಕೈ ಹಿಡಿದು, ಬಂದ ನೆಂಟರೆಲ್ಲರ ಎದುರೇ ಹೇಳಿದಳು: "ಅಜ್ಜೀ, ನೀವು ಅನ್ಕೊಂಡಂಥಾ ಎಂ.ಡಿ. ಅಲ್ರಿ ನಾನು. ಬೋರ್ಡು ತಪ್ಪೈತಿ. ನಿಮಗ ಹಾರ್ಟ್ ಡಾಕ್ಟರ್ ಬೇಕು, ಈಗ್ಲೇ. ನಾನೂ ಜೊತಿಗೆ ಬರ್ತೀನಿ."

ತನ್ನದೇ ಕ್ಲಿನಿಕ್ಕಿನ ಮೊದಲ ದಿನ. ಒಳಗೆ ಪೂಜೆ ಅರ್ಧಕ್ಕೆ ನಿಂತಿತ್ತು. ಹುಡುಗಿ ಆಂಬುಲೆನ್ಸ್ ಹತ್ತಿ ಹೋಗಿಯೇಬಿಟ್ಟಳು. ನನಗಂತೂ ಕಣ್ಣು ತುಂಬಿ ಬಂತು. ಭಾವ ಏಣಿ ತರಿಸಿ ತಾವೇ ಆ ಎರಡಕ್ಷರ ಅಳಿಸಿದರು.

ಅಜ್ಜಿ ಉಳಿದರು. ಮೊನ್ನೆ ಬಳ್ಳಾರಿಯ ವಾರ್ಡಿಗೆ ಹೋಗಿ ನನ್ನ ತಪ್ಪು ಒಪ್ಪಿಕೊಂಡೆ. ಅಜ್ಜಿ ನನ್ನನ್ನು ಬೈಯಲಿಲ್ಲ.

"ಇನ್ಮ್ಯಾಲ ನೆಗಡಿ ಬಂದ್ರೂ ಆ ಹುಡುಗಿ ಹತ್ರಾನ ಹೋಗಾಕಿ ನಾನು. ತನಗ ಬರಂಗಿಲ್ಲ ಅಂದ್ರ, ಬರಂಗಿಲ್ಲ ಅಂತ ಬಾಯಿಬಿಟ್ಟು ಹೇಳ್ತಾಳ."

ಇದಕ್ಕೆ ಯಾವ ದೇಶದಲ್ಲಿ ಯಾವ ಡಿಗ್ರಿ ಕೊಡುತ್ತಾರೆ, ಸ್ವಲ್ಪ ಹೇಳಿ?