ಡೀಸೆಲ್ ಟ್ಯಾಂಕಿನ ತಳದಲ್ಲಿದ್ದ ಎಣ್ಣೆ

2003ರಲ್ಲಿ ನಾನು ಹೊಸಪೇಟೆಯ ಒಂದು ಕಾರು ಮಾರಾಟ ಸಂಸ್ಥೆಯ ಸರ್ವಿಸ್ ವಿಭಾಗದಲ್ಲಿ ವಾರಂಟಿ ಇನ್‌ಸ್ಪೆಕ್ಟರ್ ಆಗಿದ್ದೆ. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿ ಅದು ಎರಡನೆಯ ವರ್ಷ. ವಾರಂಟಿ ಅವಧಿಯೊಳಗೆ ಗಾಡಿ ಕೆಟ್ಟರೆ, ದೋಷ ತಯಾರಿಕೆಯಲ್ಲಿದೆಯೋ ಬಳಕೆಯಲ್ಲಿದೆಯೋ ಎಂದು ಪರೀಕ್ಷಿಸಿ ವರದಿ ಬರೆಯುವುದು ನನ್ನ ಕೆಲಸ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಗಾಡಿಗಳು ನನ್ನ ಪಾಲಿಗೆ ಬಂದಿದ್ದವು. ಇಲ್ಲಿ ಹೇಳುತ್ತಿರುವ ಪ್ರಕರಣ ಕೊಟ್ಟೂರಿನದು. ಹೆಸರುಗಳನ್ನು ಬದಲಿಸಿದ್ದೇನೆ.

ಡೀಸೆಲ್ ಗಾಡಿಗೆ ಬೇರೆ ಇಂಧನ ಬಿದ್ದ ಪ್ರಕರಣಗಳು ನನಗೆ ಅಲ್ಲಿಯವರೆಗೆ ಎರಡೇ ಬಗೆಯಲ್ಲಿ ಕಂಡಿದ್ದವು. ಒಂದು, ಬಂಕಿನಲ್ಲಿ ಗಡಿಬಿಡಿಯಿಂದ ಪೆಟ್ರೋಲ್ ತುಂಬಿಬಿಡುವುದು. ಡೀಸೆಲ್‌ನಲ್ಲಿ ಸ್ವಲ್ಪ ಜಿಡ್ಡಿನ ಗುಣವಿದೆ. ಇಂಧನವನ್ನು ಒತ್ತಡದಿಂದ ಎಂಜಿನ್‌ಗೆ ಕಳಿಸುವ ಪಂಪು ಆ ಜಿಡ್ಡಿನ ಮೇಲೆಯೇ ಬದುಕಿರುತ್ತದೆ. ಪೆಟ್ರೋಲ್ ಅದನ್ನು ತೊಳೆದು ಹಾಕುವುದರಿಂದ ಲೋಹಕ್ಕೆ ಲೋಹ ಉಜ್ಜಿ ಪಂಪು ಹಾಳಾಗುತ್ತದೆ. ಇನ್ನೊಂದು, ಡೀಸೆಲ್ ಕದ್ದು ಮಾರಿಕೊಂಡು ಆ ಜಾಗಕ್ಕೆ ಅಗ್ಗದ ಸೀಮೆಎಣ್ಣೆ ಸುರಿಯುವುದು. ಎರಡನ್ನೂ ಕಂಡುಹಿಡಿಯುವುದು ಕಷ್ಟವಲ್ಲ. ಪೆಟ್ರೋಲ್, ಸೀಮೆಎಣ್ಣೆ ಎರಡೂ ಡೀಸೆಲ್‌ಗಿಂತ ಹಗುರ. ಹೈಡ್ರೋಮೀಟರ್ ಎಂಬ ಗಾಜಿನ ಕೊಳವೆಯನ್ನು ತೇಲಿಬಿಟ್ಟರೆ ಅದು ಎಷ್ಟು ಮುಳುಗಿತು ಎನ್ನುವುದರ ಮೇಲೆ ಕಲಬೆರಕೆ ಗೊತ್ತಾಗುತ್ತದೆ.

ಆ ಚಳಿಗಾಲದಲ್ಲಿ ಕೊಟ್ಟೂರಿನ ಶೇಂಗಾ ವ್ಯಾಪಾರಿ ವೀರಭದ್ರಪ್ಪನವರು ನಮ್ಮ ಆಫೀಸಿಗೆ ಫೋನ್ ಮಾಡಿದರು. ಕೊಂಡು ವರ್ಷ ತುಂಬದ ಡೀಸೆಲ್ ಗಾಡಿ. ಅವರ ತಾಯಿಯನ್ನು ಹುಣ್ಣಿಮೆಗೆ ಉಚ್ಚಂಗೆಮ್ಮನ ದರ್ಶನಕ್ಕೆ ಕರೆದೊಯ್ಯುವಾಗ ಉಚ್ಚಂಗಿದುರ್ಗದ ಏರಿನಲ್ಲಿ ನಿಂತುಹೋಗಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಚಾಲೂ ಆಗುವುದು, ನಾಲ್ಕು ಮಾರು ಹೋಗಿ ಮತ್ತೆ ನಿಲ್ಲುವುದು. ಕೊನೆಗೆ ಟ್ರ್ಯಾಕ್ಟರಿಗೆ ಕಟ್ಟಿ ಕೊಟ್ಟೂರಿಗೆ ಎಳೆಸಿದ್ದರು.

ಮರುದಿನ ಬೆಳಿಗ್ಗೆ ಮೆಕ್ಯಾನಿಕ್ ಬಾಷಾನ ಜೊತೆ ಸರ್ವಿಸ್ ವ್ಯಾನಿನಲ್ಲಿ ಅವರ ಮನೆ ತಲುಪಿದೆ. ಅಂಗಳದ ಒಂದು ಬದಿಗೆ ಶೇಂಗಾ ಗೋದಾಮು, ಇನ್ನೊಂದು ಬದಿಗೆ ಗಾಡಿ. ಗೋದಾಮಿನ ಗೋಡೆಗೆ ಅಂಟಿಕೊಂಡಂತೆ ಡ್ರೈವರ್ ಹನುಮಂತ ನಿಂತಿದ್ದ. ಗುಡೇಕೋಟೆ ಕಡೆಯವನು, ಎಂಟು ವರ್ಷದಿಂದ ಈ ಮನೆಯಲ್ಲಿದ್ದ. ಹೆಂಡತಿ ಮಕ್ಕಳೊಂದಿಗೆ ಇದೇ ಹಿತ್ತಲಿನ ಎರಡು ಕೋಣೆಯಲ್ಲಿ ವಾಸ.

ವೀರಭದ್ರಪ್ಪನವರು ಅವನಿಗೆ ಕೇಳುವಂತೆಯೇ ನನಗೆ ಹೇಳಿದರು. "ಡೀಸಲ್ ಮಾರಿಕೊಂಡು ಸೀಮೆಎಣ್ಣಿ ಸುರದಾನ್ರಿ ಇವ. ನೀವು ಅಷ್ಟು ಬರದು ಕೊಡ್ರಿ ಮೇಡಂ, ಸಂಜೀಕ ಇವನ ಗಂಟುಮೂಟಿ ಕಟ್ಟಸ್ತೀನಿ."

"ನಾ ಹಾಕಿಲ್ರಿ ಸಾವ್ಕಾರ್ರ," ಎಂದ ಹನುಮಂತ.

"ನೀ ಸುಮ್ನಿರಲೇ. ಮಿಷನ್ ಹೇಳತೈತಿ."

ಆ ಮಿಷನ್ ಎಂದರೆ ನನ್ನ ಪೆಟ್ಟಿಗೆಯಲ್ಲಿದ್ದ ಹೈಡ್ರೋಮೀಟರ್. ಇಂಧನ ಕದ್ದವನು ಎಂದು ಹೆಸರು ಬಿದ್ದ ಡ್ರೈವರ್‌ಗೆ ಈ ಕಡೆ ಮತ್ತೆ ಯಾರೂ ಸ್ಟೇರಿಂಗ್ ಕೊಡುವುದಿಲ್ಲ ಎಂದು ನನಗೆ ಗೊತ್ತಿತ್ತು.

ಬಾಷಾ ಮೊದಲು ಫಿಲ್ಟರ್ ಬಿಚ್ಚಿದ. ಡೀಸೆಲ್ ಸೋಸಿ ಮುಂದಕ್ಕೆ ಬಿಡುವ, ಕಾಗದದ ಮಡಿಕೆಗಳಿರುವ ಡಬ್ಬಿ ಅದು. ಬೋಗುಣಿಗೆ ಬಗ್ಗಿಸಿದರೆ ಒಳಗಿದ್ದದ್ದು ನೀರಿನಂತೆ ಬೀಳಲಿಲ್ಲ. ಎಳೆ ಎಳೆಯಾಗಿ ನಿಧಾನಕ್ಕೆ ಇಳಿಯಿತು.

"ಮೇಡಂ, ಗಾಡಿಗೆ ಯಾರಾದ್ರೂ ಜೇನುತುಪ್ಪ ನೆಕ್ಸ್ಯಾರೇನ್ರಿ?" ಎಂದ ಬಾಷಾ. ಯಾರೂ ನಗಲಿಲ್ಲ.

ಟ್ಯಾಂಕಿನ ಮೇಲ್ಭಾಗದಿಂದ ಒಂದು ಸ್ಯಾಂಪಲ್, ತಳದಿಂದ ಒಂದು ತೆಗೆಸಿದೆ. ಮೇಲಿನದು ಡೀಸೆಲ್ ಇರಬೇಕಾದಂತೆಯೇ ಇತ್ತು, ಕೂದಲೆಳೆಯಷ್ಟು ಹಗುರ, ಅಷ್ಟೇ. ತಳದ್ದರಲ್ಲಿ ಹೈಡ್ರೋಮೀಟರ್ ಮುಳುಗುವುದರ ಬದಲು ಮೇಲಕ್ಕೆ ಎದ್ದು ನಿಂತಿತು. ಅದು ಡೀಸೆಲ್‌ಗಿಂತ ಭಾರ. ನಾನು ಜಾಡಿ ಒರೆಸಿ ಮತ್ತೆ ಅಳೆದೆ. ಮತ್ತೆ ಹಾಗೆಯೇ. ನನಗೆ ಗೊತ್ತಿದ್ದ ಕಲಬೆರಕೆಗಳೆಲ್ಲ ಇಂಧನವನ್ನು ಹಗುರ ಮಾಡುತ್ತಿದ್ದವು. ಭಾರವಾಗಿ ತಳ ಸೇರುವುದು ನೀರು ಮಾತ್ರ. ನೀರು ತಗುಲಿದರೆ ಬಣ್ಣ ಬದಲಿಸುವ ಪೇಸ್ಟ್ ಹಚ್ಚಿ ನೋಡಿದೆ; ಬಣ್ಣ ಬದಲಾಗಲಿಲ್ಲ. ಕಾದ ತಗಡಿನ ಮೇಲೆ ಒಂದು ಹನಿ ಬಿಟ್ಟೆ, ಚಟಪಟ ಎನ್ನಲಿಲ್ಲ. ಪೆಟ್ರೋಲ್ ಅಲ್ಲ, ಸೀಮೆಎಣ್ಣೆ ಅಲ್ಲ, ನೀರೂ ಅಲ್ಲ.

"ಏನಂತ ಗೊತ್ತಾತೇನ್ರಿ?" ವೀರಭದ್ರಪ್ಪನವರು ಕೇಳಿದರು.

"ಇನ್ನೂ ಇಲ್ಲ."

"ಸೀಮೆಎಣ್ಣಿ ವಾಸನಿ ನಮ್ಮ ಮನಿ ಬೆಕ್ಕಿಗೂ ಗೊತ್ತಾಗತೈತಿ."

ನಾನು ಹೈಡ್ರೋಮೀಟರ್ ಒರೆಸಿ ಪೆಟ್ಟಿಗೆಯಲ್ಲಿಟ್ಟೆ.

ಕೈ ತೊಳೆಯಲು ನಲ್ಲಿಯ ಹತ್ತಿರ ಹೋದಾಗ ಹನುಮಂತ ಸೋಪು ಹಿಡಿದು ಬಂದ. ದನಿ ತಗ್ಗಿಸಿ ಹೇಳಿದ. "ಒಂದು ಮಾತ್ರಿ ಮೇಡಂ. ದೀಪಾವಳಿಗಿಂತ ಮುಂಚೆ ಒಮ್ಮೆ ಗುಡೇಕೋಟಿ ಹತ್ರ ಡೀಸಲ್ ಮುಗದಿತ್ರಿ. ನಮ್ಮಕ್ಕನ ಮನಿಯಿಂದ ಸೀಮೆಎಣ್ಣಿ ತಂದು ಹಾಕಿ ಮನಿ ಮುಟ್ಟಿಸಿದ್ದೆ. ಸಾವ್ಕಾರ್ರಿಗೆ ಹೇಳಿರ್ಲಿಲ್ಲ, ಬೈತಾರಂತ. ಅದೇ ಈಗ ಹೊರಗ ಬಿತ್ತೇನ್ರಿ?"

ದೀಪಾವಳಿಯ ಸೀಮೆಎಣ್ಣೆ ಎಂದೋ ಉರಿದು ಹೋಗಿರುತ್ತದೆ ಎಂದೆ. ಅವನಿಗೆ ಸಮಾಧಾನವಾಯಿತೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ.

ಆಮೇಲೆ ವೀರಭದ್ರಪ್ಪನವರು ಚಹಾಕ್ಕೆಂದು ಒಳಗೆ ಕರೆದರು. ಬಾಗಿಲು ಅರ್ಧ ಮುಂದಕ್ಕೆ ಎಳೆದು ಅವರೂ ದನಿ ತಗ್ಗಿಸಿದರು. "ಹಿತ್ತಲದಾಗ ಒಂದು ಬ್ಯಾರಲ್ ಐತ್ರಿ, ಪಂಪ್‌ಸೆಟ್ಟಿಗಂತ. ಲಾರಿಯೋರ ಕಡಿಂದ ಅಗ್ಗಕ್ಕ ತಗೊಂಡಿದ್ದು. ಗಾಡಿಗೂ ಅದರಾಗಿಂದಾನ ಹಾಕ್ತೀವಿ. ಅದರಾಗ ಏನಾರ ಇದ್ದೀತೇನು? ಇದ್ರ ಅದನ್ನ ಬರೀಬ್ಯಾಡ್ರಿ ಮತ್ತ."

ತನ್ನ ಬ್ಯಾರಲ್ಲಿನ ಮೇಲೆ ಅನುಮಾನ ಇಟ್ಟುಕೊಂಡೇ ಇವರು ಡ್ರೈವರನ್ನು ಅಂಗಳದಲ್ಲಿ ನಿಲ್ಲಿಸಿದ್ದರು. ಬ್ಯಾರಲ್ಲಿನ ಡೀಸೆಲ್ ಅಳೆದೆ. ಅದೂ ಕೂದಲೆಳೆಯಷ್ಟು ಹಗುರವಿತ್ತು. ಭಾರದ ವಸ್ತು ಏನೂ ಇರಲಿಲ್ಲ. ಒಬ್ಬೊಬ್ಬರೂ ತಮ್ಮ ತಪ್ಪನ್ನು ನನ್ನ ಕಿವಿಗೆ ಹಾಕಿದ್ದರು. ಇಬ್ಬರ ಮಾತೂ ನಿಜವೆಂದು ತೋರಿತು. ಗಾಡಿ ನಿಂತದ್ದು ಮಾತ್ರ ಇವೆರಡರಿಂದಲೂ ಅಲ್ಲ.

ಮತ್ತೆ ಗಾಡಿಯ ಹತ್ತಿರ ಬಂದು ತಳದ ಸ್ಯಾಂಪಲನ್ನು ಬೆರಳಲ್ಲಿ ಉಜ್ಜಿ ನೋಡಿದೆ. ಜಿಡ್ಡು ಹೋಗಲೇ ಇಲ್ಲ. ಇಂಧನ ತುಂಬುವ ಬಾಯಿಯ ಕೆಳಗೆ ಬಣ್ಣದ ಮೇಲೆ ಒಂದು ಗೆರೆ ಇಳಿದಿತ್ತು; ಅದಕ್ಕೆ ಕೆಂಪು ಧೂಳು ಅಂಟಿ ಗಟ್ಟಿಯಾಗಿತ್ತು. ಯಾವುದೋ ಬೀಜದ ಎಣ್ಣೆ ಇರಬೇಕು ಎನಿಸಿತು. ಎದುರಿಗೇ ಶೇಂಗಾ ಗೋದಾಮು. ಆದರೆ ಶೇಂಗಾ ಎಣ್ಣೆ ಡೀಸೆಲ್‌ನಲ್ಲಿ ಬೆರೆತುಹೋಗುತ್ತದೆ, ಹೀಗೆ ಬೇರೆಯಾಗಿ ತಳ ಸೇರುವುದಿಲ್ಲ. ಡೀಸೆಲ್‌ನಲ್ಲಿ ಸುಲಭಕ್ಕೆ ಬೆರೆಯದ, ಆದರೆ ಸ್ಪಿರಿಟ್‌ನಲ್ಲಿ ಕರಗುವ ಎಣ್ಣೆಯೊಂದಿದೆ ಎಂದು ಓದಿದ ನೆನಪಿತ್ತು. ಬಾಷಾನನ್ನು ಮೆಡಿಕಲ್ ಶಾಪಿಗೆ ಕಳಿಸಿ, ಗಾಯ ಒರೆಸುವ ಸ್ಪಿರಿಟ್ ತರಿಸಿದೆ. ಹೋಲಿಸಿ ನೋಡಲು ಅಡುಗೆಮನೆಯಿಂದ ಒಂದು ಸೌಟು ಶೇಂಗಾ ಎಣ್ಣೆ ಕೇಳಿದೆ. ವೀರಭದ್ರಪ್ಪನವರ ತಾಯಿ ಗೌರಮ್ಮನವರೇ ತಂದುಕೊಟ್ಟು, ಹೊಸ್ತಿಲ ಹತ್ತಿರ ನಿಂತರು.

ಎರಡು ಸೀಸೆಯಲ್ಲಿ ಸ್ಪಿರಿಟ್ ಹಾಕಿ, ಒಂದಕ್ಕೆ ಶೇಂಗಾ ಎಣ್ಣೆ, ಇನ್ನೊಂದಕ್ಕೆ ಟ್ಯಾಂಕಿನ ತಳದ ಸ್ಯಾಂಪಲ್ ಬೆರೆಸಿ ಅಲ್ಲಾಡಿಸಿದೆ. ಶೇಂಗಾ ಎಣ್ಣೆ ಹನಿಹನಿಯಾಗಿ ಕೆಳಗೆ ಕೂತಿತು. ಟ್ಯಾಂಕಿನದು ಸ್ವಲ್ಪ ಮಬ್ಬಾಗಿ ಕರಗಿಹೋಯಿತು.

"ಇದು ಹರಳೆಣ್ಣೆ," ಎಂದೆ.

"ಔಡಲೆಣ್ಣಿನಾ?" ವೀರಭದ್ರಪ್ಪನವರು ನನ್ನ ಮುಖವನ್ನೂ ಸೀಸೆಯನ್ನೂ ನೋಡಿದರು. ನಮ್ಮ ಕಡೆ ಹರಳೆಣ್ಣೆಗೆ ಔಡಲೆಣ್ಣೆ ಎನ್ನುತ್ತಾರೆ.

ಬಾಷಾಗೆ ತಡೆಯಲಾಗಲಿಲ್ಲ. "ಅದನ್ನ ಕುಡಿದ್ರ ಮನುಷ್ಯಾರಿಗೆ ಹೊಟ್ಟಿ ಸಡಿಲಾಗತೈತಿ. ಈ ಗಾಡಿಗೆ ಉಲ್ಟಾ, ಕಟ್ಟಿಬಿಟ್ಟೈತಿ ನೋಡ್ರಿ."

ಹರಳೆಣ್ಣೆ ಡೀಸೆಲ್‌ಗಿಂತ ದುಬಾರಿ. ಕದಿಯುವವನು ಅಗ್ಗದ್ದನ್ನು ತೆಗೆದು ದುಬಾರಿಯದನ್ನು ಸುರಿಯುವುದಿಲ್ಲ ಎಂದು ವಿವರಿಸಿದೆ. ಇದರಿಂದ ಹನುಮಂತನ ಮೇಲಿನ ಮಾತು ಮುಗಿಯಿತು ಎಂದುಕೊಂಡಿದ್ದೆ. ಆದದ್ದು ಬೇರೆ.

"ಹಂಗಾರ ಕಳ್ಳತನ ಅಲ್ಲ, ಹಗೆತನ!" ವೀರಭದ್ರಪ್ಪನವರು ಎದ್ದೇ ನಿಂತರು. "ಪಗಾರ ಏರಸ್ರಿ ಅಂದಿದ್ದ, ನಾ ಏರಸಲಿಲ್ಲ. ಅದಕ್ಕ ಎಂಜಿನ್ ಸುಟ್ಟು ಹೋಗ್ಲಿ ಅಂತ ಹಾಕ್ಯಾನ."

ಹನುಮಂತ ಮೊದಲ ಸಲ ಗೋಡೆ ಬಿಟ್ಟು ಮುಂದೆ ಬಂದ. "ಅಮ್ಮಾರು ಕುಂತಿದ್ರು ಗಾಡ್ಯಾಗ. ಆ ಏರಿನಾಗ ಹಿಂದಕ್ಕ ಉರುಳಿದ್ರ ನಾನೂ ಉಳೀತಿದ್ದಿಲ್ರಿ. ಕಳ್ಳ ಅನ್ರಿ ಬೇಕಾದ್ರ. ಇದನ್ನ ಅನಬ್ಯಾಡ್ರಿ."

ವಸ್ತು ಯಾವುದೆಂದು ಸರಿಯಾಗಿ ಕಂಡುಹಿಡಿದು, ಅವನನ್ನು ಮೊದಲಿಗಿಂತ ಹೆಚ್ಚಿನ ತೊಂದರೆಗೆ ನೂಕಿದ್ದೆ.

ಆಗ ಹೊಸ್ತಿಲಿನಿಂದ ಗೌರಮ್ಮನವರ ದನಿ ಬಂತು. "ಲೇ ಭದ್ರಾ, ಅವನ ಮ್ಯಾಲ ಯಾಕ ಕೂಗ್ತಿ? ಔಡಲೆಣ್ಣಿ ಹಾಕಿದಾಕಿ ನಾನು."

ವೀರಭದ್ರಪ್ಪನವರು ಹೊಸ್ತಿಲ ಕಡೆ ತಿರುಗಿದರು.

"ಎರಡು ತಂಬಿಗಿ. ಅಂಗಡಿದಲ್ಲ, ಮನ್ಯಾಗ ಕಾಸಿದ್ದು," ಎಂದು ಸೇರಿಸಿದರು.

ಬಾಷಾ ವ್ಯಾನಿನ ಕಡೆ ಮುಖ ತಿರುಗಿಸಿದ. ಅವನ ಭುಜ ಅಲ್ಲಾಡುತ್ತಿತ್ತು.

"ಯಾಕಬೇ?" ವೀರಭದ್ರಪ್ಪನವರ ದನಿ ಇಳಿದಿತ್ತು.

"ಯಾಕಂದ್ರ? ದೂರ ಹೊಂಟಿದ್ವಿ. ಬಂಡಿ ಹೂಡೋಕ ಮೊದಲು ಎಣ್ಣಿ ಹಾಕಬೇಕೋ ಬ್ಯಾಡೋ? ನಮ್ಮತ್ತಿ ಇದ್ದಾಗಿಂದ ಈ ಮನಿ ಬಂಡಿಗೆ ಎಣ್ಣಿ ಹಾಕಿದಾಕಿ ನಾನಾ. ನಿನ್ನ ಗಾಡಿ ನಿಂತಲ್ಲೇ ಕಟಕಟ ಅಂತಿತ್ತು, ಎಣ್ಣಿ ಕಾಣದ ಬಂಡಿ ಹಂಗ. ನಿನಗ ಹೇಳಿದ್ರ ಡೀಸಲ್ ಗಾಡಿ ಹಂಗಾ ಇರತೈತಿ ಅಂದಿ. ಇವ ಮುಚ್ಚಳ ತಗದಿಟ್ಟು ಲಾಳಿಕಿ ತರಾಕ ಹಿತ್ತಲಕ ಹೋಗಿದ್ದ. ನಾ ಸುರುವಿದೆ."

"ಮತ್ತ ನಿನ್ನೆಯಿಂದ ಒದರಾಡಾಕ ಹತ್ತೀನಿ, ಯಾಕ ಹೇಳಲಿಲ್ಲ?"

"ಸೀಮೆಎಣ್ಣಿ ಹಾಕಿದಾರ ಯಾರು ಅಂತ ನೀ ಕೇಳ್ತಿದ್ದಿ. ನಾ ಸೀಮೆಎಣ್ಣಿ ಹಾಕಿಲ್ಲ. ಎಣ್ಣಿ ಹಾಕಿದ್ರ ಗಾಡಿ ನಿಲ್ಲತೈತಿ ಅಂತ ಯಾವ ಬಂಡಿಯಾಗ ಕಂಡೀವಿ?"

ಅವರು ನನ್ನ ಕಡೆ ತಿರುಗಿದರು. "ಎಣ್ಣಿ ಅದಕ ಒಳ್ಳೇದಲ್ಲೇನವ್ವ?"

ಫಿಲ್ಟರಿನ ಕಾಗದ ತೋರಿಸಿದೆ. ಡೀಸೆಲ್ ತೆಳು, ಇದರೊಳಗೆ ಸುಲಭವಾಗಿ ಹಾಯುತ್ತದೆ. ಹರಳೆಣ್ಣೆ ಮಂದ, ಚಳಿಗೆ ಇನ್ನೂ ಮಂದವಾಗುತ್ತದೆ. ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ, ಎಂಜಿನ್‌ಗೆ ಹೋಗುವ ಕೊಳವೆಯೂ ತಳದಿಂದಲೇ ಎಳೆಯುತ್ತದೆ. ದಾರಿ ಕಟ್ಟಿ, ಏರಿನಲ್ಲಿ ಎಂಜಿನ್‌ಗೆ ಇಂಧನ ಸಾಲದಾಯಿತು. ಗೌರಮ್ಮನವರು ಪೂರ್ತಿ ಕೇಳಿಸಿಕೊಂಡರು.

"ಹಂಗಾರ ಕೀಲಿಗೆ ಹಾಕಬೇಕಿತ್ತು. ನಾ ಬಾಯಿಗೆ ಹಾಕಿದೆ," ಎಂದರು.

ವೀರಭದ್ರಪ್ಪನವರು ನನ್ನನ್ನು ಪಕ್ಕಕ್ಕೆ ಕರೆದರು. "ಕಾರಣ ತಿಳಿದಿಲ್ಲ ಅಂತ ಬರದುಬಿಡ್ರಿ ಮೇಡಂ. ಸಾವ್ಕಾರ ಗಾಡಿಗೆ ಔಡಲೆಣ್ಣಿ ಕುಡಿಸಿದ ಅಂತ ಊರಾಗ ನಗ್ತಾರ."

ಹಾಗೆ ಬರೆಯುವುದು ನನಗೆ ಸುಲಭವಿತ್ತು. ಆ ಮನೆಯ ಮರ್ಯಾದೆ ಉಳಿಯುತ್ತಿತ್ತು. ಆದರೆ ಹಿಂದಿನ ದಿನ ಅವರು ಅಂಗಳದಲ್ಲಿ ಕೂಗಾಡಿದ್ದು ಓಣಿಗೆಲ್ಲ ಕೇಳಿರಬೇಕು. ಕಾರಣ ತಿಳಿಯದೆ ಉಳಿದರೆ ಕಾರಣ ಹನುಮಂತನೇ ಆಗುತ್ತಿದ್ದ. ಅವನು ನೆಲ ನೋಡುತ್ತ ನಿಂತಿದ್ದ. ಹಾಗೆ ಬರೆಯಲಾಗುವುದಿಲ್ಲ ಎಂದು ನಾನು ಹೇಳುವಷ್ಟರಲ್ಲಿ ಗೌರಮ್ಮನವರು ಹತ್ತಿರ ಬಂದಿದ್ದರು.

"ತಿಳಿದಿಲ್ಲ ಅಂತ ಯಾಕ ಬರೀತಾಳ? ತಿಳಿದೈತಲ್ಲ. ನಿನ್ನೆ ಇಡೀ ಓಣಿ ಕೇಳೋಹಂಗ ಇವನ್ನ ಕಳ್ಳ ಅಂದಿ, ಈಗ ನನ್ನ ಹೆಸರು ಬಂದ್ ಕೂಡ್ಲೆ ಪಿಸಿಪಿಸಿ ಅಂತಿ. ಬರಿಯವ್ವ, ಗೌರಮ್ಮ ಹಾಕ್ಯಾಳ ಅಂತ. ಕದ್ದು ಹಾಕೀನೇನು?"

ನಾನು ಬರೆದೆ. ತಯಾರಿಕೆಯ ದೋಷವಲ್ಲ, ಟ್ಯಾಂಕಿನಲ್ಲಿ ಹರಳೆಣ್ಣೆ ಇತ್ತು, ಮಾಲೀಕರ ತಾಯಿ ಗಾಡಿಗೆ ಒಳ್ಳೆಯದಾಗಲೆಂದು ತಿಳಿದು ಹಾಕಿದ್ದಾರೆ, ಡ್ರೈವರ್‌ನ ತಪ್ಪಿಲ್ಲ. ವರದಿ ಇಂಗ್ಲಿಷಿನಲ್ಲಿತ್ತು. ಗೌರಮ್ಮನವರು ಕೇಳಿದ್ದರಿಂದ ಅಂಗಳದಲ್ಲಿ ನಿಂತು ಕನ್ನಡದಲ್ಲಿ ಓದಿ ಹೇಳಿದೆ. ದೀಪಾವಳಿಯ ಸೀಮೆಎಣ್ಣೆಯನ್ನೂ ಹಿತ್ತಲಿನ ಬ್ಯಾರಲ್ಲನ್ನೂ ಬರೆಯಲಿಲ್ಲ. ಗಾಡಿ ನಿಂತದ್ದಕ್ಕೆ ಅವು ಕಾರಣವಾಗಿರಲಿಲ್ಲ. ಬ್ಯಾರಲ್ಲಿನ ಆ ಕೂದಲೆಳೆಯಷ್ಟು ಹಗುರ ಲಾರಿಯವರಿಂದ ಬಂದದ್ದೋ ಬೇರೆ ಯಾರಿಂದಲೋ, ನನಗೆ ಇಂದಿಗೂ ಖಚಿತವಿಲ್ಲ.

ವೀರಭದ್ರಪ್ಪನವರು ತಪ್ಪಾಯಿತು ಎನ್ನಲಿಲ್ಲ. "ಹನುಮಂತ, ಬಾಷಾ ಜತಿ ಕೈ ಹಚ್ಚು. ಟ್ಯಾಂಕ್ ತೊಳೀರಿ," ಎಂದಷ್ಟೇ ಹೇಳಿ ಗೋದಾಮಿನ ಕಡೆ ಹೋದರು. ಹನುಮಂತ ಅಂಗಿ ತೋಳು ಮಡಚಿಕೊಂಡು ಗಾಡಿಯ ಕೆಳಗೆ ನುಗ್ಗಿದ. ಪಂಪು ಕೆಟ್ಟಿರಲಿಲ್ಲ. ಟ್ಯಾಂಕ್ ತೊಳೆದು, ಕೊಳವೆಗಳನ್ನು ಊದಿ, ಹೊಸ ಫಿಲ್ಟರ್ ಹಾಕಿದ ಮೇಲೆ ಮಧ್ಯಾಹ್ನದ ಹೊತ್ತಿಗೆ ಎಂಜಿನ್ ಚಾಲೂ ಆಯಿತು.

ಮುಂದಿನ ಸರ್ವಿಸಿಗೆ ಗಾಡಿ ತಂದವನು ಹನುಮಂತನೇ. ಬಾಗಿಲುಗಳು ಸದ್ದಿಲ್ಲದೆ ತೆರೆಯುತ್ತಿದ್ದವು. ಬಾಷಾ ಕೇಳಿದ್ದಕ್ಕೆ, "ಅಮ್ಮಾರು ಈಗ ಬಾಗಿಲ ಕೀಲಿಗೆ ಹಾಕ್ತಾರ. ನಾನಾ ಮುಂದ ನಿಂತು ಹಾಕಸ್ತೀನಿ," ಎಂದ.

ಆ ದಿನ ನಾವೆಲ್ಲ ಕೇಳುತ್ತಿದ್ದದ್ದು ಗಾಡಿಯನ್ನು ಕೆಡಿಸಿದವರು ಯಾರು ಎಂದು. ಅದಕ್ಕೆ ಗೌರಮ್ಮನವರು ಉತ್ತರ ಕೊಡುವಂತಿರಲಿಲ್ಲ. ತಾವು ಕೆಡಿಸಿದ್ದೇವೆಂದು ಅವರಿಗೆ ಅನ್ನಿಸಿರಲೇ ಇಲ್ಲ. ಅಲ್ಲಿಂದೀಚೆಗೆ ಯಾವ ಊರಿಗೆ ಹೋದರೂ ಪೆಟ್ಟಿಗೆ ತೆರೆಯುವ ಮೊದಲು ಮನೆಯವರನ್ನೆಲ್ಲ ಕರೆದು, ಈ ಗಾಡಿಯನ್ನು ಯಾರ್ಯಾರು ಹೇಗೆ ನೋಡಿಕೊಳ್ಳುತ್ತೀರಿ ಎಂದು ಕೇಳುತ್ತೇನೆ. ಉತ್ತರ ಉದ್ದವಾಗುತ್ತದೆ. ಆದರೆ ಯಾರೂ ದನಿ ತಗ್ಗಿಸುವುದಿಲ್ಲ. ಹಡಗಲಿಯಲ್ಲಿ ಒಮ್ಮೆ ಹೀಗೆ ಕೇಳಿದಾಗ, ಬಿಸಿಲಿಗೆ ಎಂಜಿನ್ ಕಾಯುತ್ತದೆಂದು ರೇಡಿಯೇಟರಿಗೆ ಮಜ್ಜಿಗೆ ಹಾಕುತ್ತಿದ್ದ ಹಿರಿಯರೊಬ್ಬರು ನನ್ನ ಪ್ರಶ್ನೆ ಮುಗಿಯುವ ಮೊದಲೇ ಮುಂದೆ ಬಂದು, ಅದಕ್ಕೆ ಉಪ್ಪು ಹಾಕುವುದಿಲ್ಲ ಎಂದೂ ತಿಳಿಸಿದರು.