ಕಾಕಾ ತುಂಬಿದ ತೋಟಾಗಳು

ಮನೆ ಬದಲಿಸುವಾಗ ಹಳೆಯ ಶೂಟಿಂಗ್ ಜಾಕೀಟಿನ ಜೇಬಿನಿಂದ ಬಂದೂಕಿನ ಒಂದು ಖಾಲಿ ತೋಟಾ ಉರುಳಿ ಬಿತ್ತು. ಕೆಂಪು ಪ್ಲಾಸ್ಟಿಕ್ ಕೊಳವೆ, ಬುಡದಲ್ಲಿ ಮಾಸಿದ ಹಿತ್ತಾಳೆ. ಮೂಗಿನ ಹತ್ತಿರ ಹಿಡಿದೆ. ಸುಟ್ಟ ಮದ್ದಿನ ವಾಸನೆ ಇನ್ನೂ ಹೋಗಿರಲಿಲ್ಲ… ದೇವಳಾಲಿ ಕ್ಯಾಂಪಿನ ಆ ಮನೆಯ ಹಿಂದಿನ ಕೋಣೆ ಕಣ್ಣ ಮುಂದೆ ಬಂತು. ಕಿಟಕಿಯ ಪಕ್ಕ ಮೇಜು, ಅದರ ಮುಂದೆ ನೆಟ್ಟಗೆ ಕುಳಿತ ಪಕ್ಕದ ಮನೆಯ ಕಾಕಾ.

ಬಸವಕಲ್ಯಾಣದ ಕಡೆಯವರು. ಸೈನ್ಯದ ತೋಪಖಾನೆಯಲ್ಲಿ ಸುಬೇದಾರರಾಗಿ ನಿವೃತ್ತರಾದ ಮೇಲೆ ಊರಿಗೆ ಮರಳದೆ ಕ್ಯಾಂಪಿನಲ್ಲೇ ಉಳಿದಿದ್ದರು. ನಾನು ಆಗ ಅವರ ಪಕ್ಕದಲ್ಲಿ ಬಾಡಿಗೆಗಿದ್ದು, ಹತ್ತಿರದ ನಾಸಿಕದಲ್ಲಿ ಬ್ಯಾಂಕಿನ ನೌಕರಿ ಮಾಡುತ್ತಿದ್ದೆ. ರವಿವಾರ ಶೂಟಿಂಗ್ ರೇಂಜಿಗೆ ಹೋಗಿ, ಗಾಳಿಗೆ ಹಾರಿಸುವ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಡುವುದನ್ನು ಕಲಿಯುತ್ತಿದ್ದೆ. ತೋಟಾಗಳು ಸಾಲುತ್ತಿರಲಿಲ್ಲ. ಬಳಸಿದ ತೋಟಾಗಳನ್ನು ಕಾಕಾ ಪರವಾನಗಿ ಪಡೆದು ಮನೆಯಲ್ಲೇ ಮತ್ತೆ ತುಂಬುತ್ತಾರೆಂದು ತಿಳಿದು, ನನಗೂ ಕಲಿಸಿ ಎಂದೆ.

"ಕಲಿಸ್ತೀನಿ ತಂಗಿ. ಆದ್ರ ಮೇಜಿನ ಮುಂದ ಕುಂತ ಮ್ಯಾಲ ಮಾತಿಲ್ಲ, ಚಹಾ ಇಲ್ಲ, ಮೊಬೈಲ್ ಇಲ್ಲ."

ಬಹಳ ದಿನ ಬರೀ ನೋಡಲು ಬಿಟ್ಟರು. ತಕ್ಕಡಿಯಲ್ಲಿ ಮದ್ದು ತೂಗುವುದು, ಕೊಳವೆಗೆ ಸುರಿಯುವುದು, ಬಿರಡೆ ಒತ್ತುವುದು, ಸೀಸದ ಕಾಳು ತುಂಬುವುದು, ಕೊನೆಗೆ ಬಾಯಿ ಮಡಚುವುದು. "ಕರ್ಚಿಕಾಯಿ ಮಡಚಿದಂಗ ಮಡಚ್ತಾರ ನೋಡು! ಅಡಿಗಿ ಮನಿಗೆ ಬಾ ಅಂದ್ರ ಬರಂಗಿಲ್ಲ," ಎಂದು ಅವರ ಹೆಂಡತಿ ಕಾಕು ಬಾಗಿಲಲ್ಲಿ ನಿಂತು ನಗುತ್ತಿದ್ದರು. ಕಾಕಾ ತಿರುಗಿಯೂ ನೋಡುತ್ತಿರಲಿಲ್ಲ.

ಒಂದು ರವಿವಾರ ಮುಂಜಾನೆ ಅವರು ತುಂಬಿದ ತೋಟಾಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡು ರೇಂಜಿಗೆ ಹೊರಟಿದ್ದೆ. ಗೇಟಿನ ಹತ್ತಿರ ಹೋಗಿದ್ದೆನಷ್ಟೆ. ಕಾಕಾ ಬರಿಗಾಲಲ್ಲಿ ಓಡಿ ಬಂದರು.

"ಚೀಲ ಕೊಡು."

"ಯಾಕ್ರಿ ಕಾಕಾ?"

"ಯಾವುದಕ್ಕ ಮದ್ದು ಹಾಕೀನಿ, ಯಾವುದಕ್ಕ ಇಲ್ಲ… ನೆನಪಾಗವಲ್ದು."

ಮೇಜಿನ ಮೇಲೆ ಎಲ್ಲವನ್ನೂ ಸುರಿದು, ಒಂದೊಂದನ್ನೇ ಚಾಕುವಿನಿಂದ ಸೀಳಿ, ಮದ್ದನ್ನು ತಕ್ಕಡಿಗೆ ಹಾಕುತ್ತಾ ಹೋದರು. ಸೀಳಿದವೆಲ್ಲ ಸರಿಯಾಗಿದ್ದವು. ಇನ್ನೇನು ಮುಗಿಯಿತು ಅನ್ನುವಾಗ ಒಂದರಲ್ಲಿ ಎರಡು ಪಟ್ಟು ಮದ್ದು ಬಂತು. ಕಾಕಾ ತಕ್ಕಡಿಯಿಂದ ಕಣ್ಣು ಕೀಳದೆ ಮೆಲ್ಲಗೆ ಹೇಳಿದರು, "ಬಂದೂಕು ಒಡದು ನಿನ್ನ ಕಣ್ಣು ಮಾರಿ ಎಲ್ಲಾ ಹೋಗ್ತಿತ್ತು."

ಉಳಿದ ಮದ್ದನ್ನೆಲ್ಲ ಬಕೆಟ್ ನೀರಿಗೆ ಸುರಿದರು. ಮರುದಿನ ತಮ್ಮ ಬಂದೂಕನ್ನು ಠಾಣೆಗೆ ಒಪ್ಪಿಸಿ ಬಂದರು. ಸೈನ್ಯ ಬಿಟ್ಟ ದಿನವೂ ಅವರು ಅಷ್ಟು ಕುಗ್ಗಿದ್ದನ್ನು ನೋಡಿರಲಿಲ್ಲ ಎಂದರು ಕಾಕು. "ಮೊನ್ನೆ ಚಹಾಕ್ಕ ಎರಡು ಸಲ ಸಕ್ಕರಿ ಹಾಕಿದ್ರು… ನಾ ನಕ್ಕುಬಿಟ್ಟೆ, ತಂಗಿ."

ಆಮೇಲೆ ಮರೆವು ಬೇಗ ಬೇಗ ಬೆಳೆಯಿತು. ಅವರ ಮಗಳು ಇಬ್ಬರನ್ನೂ ಸಂಭಾಜಿನಗರದ ತನ್ನ ಮನೆಗೆ ಕರೆದುಕೊಂಡು ಹೋದಳು. ನಾನು ನೋಡಲು ಹೋದಾಗ ಕಾಕಾ ಬಾಲ್ಕನಿಯಲ್ಲಿದ್ದರು. ನನ್ನ ಗುರುತು ಸಿಗಲಿಲ್ಲ. ಆದರೆ ಎದ್ದು ಬಂದು, ಎರಡೂ ಕೈಗಳಲ್ಲಿ ನನ್ನ ಮುಖ ಹಿಡಿದು ಬೆಳಕಿಗೆ ತಿರುಗಿಸಿದರು. ಕೆನ್ನೆ, ರೆಪ್ಪೆ, ಹುಬ್ಬು ಎಲ್ಲವನ್ನೂ ಬೆರಳಿನಿಂದ ಮುಟ್ಟಿ ನೋಡಿದರು.

"ಭಾಳ ಬ್ಯಾನಿ ಆತೇನವಾ?"

"ಏನೂ ಆಗಿಲ್ರಿ ಕಾಕಾ. ನೀವು ಚೀಲ ತಿರುಗಿ ತಗೊಂಡ್ರಿ. ನಾ ಹಾರಿಸಲೇ ಇಲ್ಲ."

ಉಸಿರು ಬಿಟ್ಟು ಕುಳಿತರು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ಬಂದರು, ಮತ್ತೆ ನನ್ನ ಮುಖವನ್ನು ಬೆಳಕಿಗೆ ತಿರುಗಿಸಿದರು… "ಮನಿಗೆ ಬಂದ ಹೆಣ್ಣುಮಕ್ಕಳೆಲ್ಲರ ಮಾರೀನೂ ಹಿಂಗೇ ನೋಡ್ತಾರ," ಎಂದು ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡರು. "ನನ್ನ ಹೆಸರು ಹೋತು, ಪಲ್ಟನ್ ಹೋತು. ಇದೊಂದು ಹೋಗವಲ್ದು."

ಕಳೆದ ಮಳೆಗಾಲದಲ್ಲಿ ಕಾಕಾ ತೀರಿಕೊಂಡರು. ನಾನು ಈಗಲೂ ರೇಂಜಿಗೆ ಹೋಗುತ್ತೇನೆ. ಅಂಗಡಿಯ ತೋಟಾಗಳನ್ನೇ ಬಳಸುತ್ತೇನೆ. ಕೆಲವು ಮುಂಜಾನೆ ಕನ್ನಡಿಯ ಮುಂದೆ ನಿಂತಾಗ ಕೆನ್ನೆಯ ಮೇಲೆ ಆ ಒರಟು ಬೆರಳುಗಳು ಹರಿದಾಡಿದಂತಾಗುತ್ತದೆ. ಅವರು ಉಳಿಸಿದ ಮುಖ ಇದು… ತಾವು ಅದನ್ನು ಉಳಿಸಿದ್ದನ್ನು ಮಾತ್ರ ಅವರು ಕೊನೆಯವರೆಗೂ ನಂಬಲಿಲ್ಲ.